ರೋಗದ ಅಂಜಿಕೆಯೂ ಅಳತೆಯೂ

ಯಾದಗಿರಿ, ಶಹಾಪುರ, ಸುರಪುರಗಳ ಕಾಲೇಜುಗಳಲ್ಲಿ ಪರೀಕ್ಷೆಯ ದಿನಗಳು ಸಮೀಪಿಸಿದೊಡನೆ ವಿಚಿತ್ರ ವ್ಯಾಧಿಯೊಂದು ತಲೆಯೆತ್ತುತ್ತದೆ. ತಲೆನೋವು ಬಂದವನು ಮಿದುಳಿನ ಗೆಡ್ಡೆಯೆಂದೂ, ಎದೆ ಡವಡವಿಸಿದವಳು ಹೃದ್ರೋಗವೆಂದೂ ನಿಶ್ಚಯಿಸಿಕೊಂಡು, ಮೊಬೈಲಿನಲ್ಲಿ ರೋಗಲಕ್ಷಣಗಳನ್ನು ಓದುತ್ತ ರಾತ್ರಿ ಕಳೆಯುತ್ತಾರೆ. ವೈದ್ಯರು ‘ಏನೂ ಇಲ್ಲ’ವೆಂದರೆ ಎರಡು ದಿನ ನೆಮ್ಮದಿ, ಮೂರನೆಯ ದಿನ ಮತ್ತೊಬ್ಬ ವೈದ್ಯರ ಬಾಗಿಲು. ಇದನ್ನು ಕಂಡು ನಗುವವರ ಪಕ್ಷದಲ್ಲಿ ನಾವಿಲ್ಲ. ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ವರ್ಗೀಕರಣದಲ್ಲಿ ಇಂಥ ರೋಗಾತಂಕಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದೆ. ಅದೂ ಚಿಕಿತ್ಸೆಗೆ ಅರ್ಹವಾದ ಬೇನೆ.

ನಗಬಾರದೆನ್ನಲು ಈ ಸೀಮೆಯಲ್ಲಿ ಇನ್ನೂ ಒಂದು ಕಾರಣವುಂಟು. ಸುರಪುರ ತಾಲ್ಲೂಕಿನ ಹಳೆಯ ಚಿನ್ನದ ಗಣಿಯ ಶಿಲಾವಲಯದಲ್ಲಿರುವ ಕಿರದಳ್ಳಿ ತಾಂಡಾದ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಎಂಬ ಪಾಷಾಣವಿದ್ದುದನ್ನೂ, ಅದನ್ನು ಕುಡಿದವರ ಚರ್ಮ ಕೆಟ್ಟುದನ್ನೂ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಜಿಲ್ಲೆಯ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡೂ ಮಿತಿಮೀರಿದೆ. ಅಂಥ ನೀರು ಕುಡಿದವನು ಅಂಗೈಯ ಗಂಟನ್ನು ತೋರಿಸಿದಾಗ ‘ಬರಿಯ ಭ್ರಮೆ’ ಎಂದು ತಳ್ಳಿಹಾಕುವುದು ಅಪರಾಧವೇ ಸರಿ.

ಆದರೆ ಈ ಭಯಕ್ಕೆ ಅಳತೆಯುಂಟು. ಲೀಟರು ನೀರಿನಲ್ಲಿ ಆರ್ಸೆನಿಕ್ 0.01 ಮಿಲಿಗ್ರಾಮನ್ನೂ, ಫ್ಲೋರೈಡು 1.5 ಮಿಲಿಗ್ರಾಮನ್ನೂ ದಾಟಬಾರದು. ನೀರನ್ನು ಪರೀಕ್ಷಿಸಿದರೆ ಉತ್ತರ ದೊರೆಯುತ್ತದೆ. ಹಾಸಿಗೆಯಲ್ಲಿ ಮಲಗಿ ತನ್ನ ನಾಡಿಯನ್ನು ತಾನೇ ಎಣಿಸುವವನಿಗಾದರೋ ಉತ್ತರವೆಂಬುದೇ ಇಲ್ಲ. ಪುಟ್ಟ ಬಟ್ಟಲಿನ ಬಿಸಿನೀರಿನಲ್ಲಿ ತಣ್ಣನೆಯ ಉಷ್ಣಮಾಪಕವನ್ನಿಟ್ಟರೆ, ಮಾಪಕವೇ ಶಾಖವನ್ನು ಹೀರಿ ನೀರನ್ನು ತಣಿಸುತ್ತದೆ. ಅಳೆಯುವ ಕ್ರಿಯೆಯೇ ಅಳೆಯಬೇಕಾದುದನ್ನು ಕೆಡಿಸುತ್ತದೆ. ಅಂಜುತ್ತ ನಾಡಿ ಹಿಡಿದವನ ರಕ್ತಕ್ಕೆ ಅಡ್ರಿನಲಿನ್ ಸೇರಿ ನಾಡಿ ಓಡತೊಡಗುತ್ತದೆ. ಓಡಿದುದನ್ನು ಕಂಡು ಅಂಜಿಕೆ ಇಮ್ಮಡಿಸುತ್ತದೆ. ಕುತ್ತಿಗೆಯ ಗಂಟನ್ನು ದಿನಕ್ಕೆ ಇಪ್ಪತ್ತು ಸಲ ಒತ್ತಿ ನೋಡಿದರೆ ಅದು ನೋಯದೆ ಇರುವುದೆಂತು?

ಹಾಗಾದರೆ ಎಲ್ಲ ಪರೀಕ್ಷೆಗಳನ್ನೂ ಒಮ್ಮೆಗೇ ಮಾಡಿಸಿಬಿಟ್ಟರಾಯಿತೆನ್ನುವವರಿದ್ದಾರೆ. ಪ್ರಯೋಗಾಲಯಗಳೂ ಈಗ ಪರೀಕ್ಷೆಗಳನ್ನು ಪ್ಯಾಕೇಜು ಕಟ್ಟಿ ಮಾರುತ್ತವೆ, ಹಬ್ಬದ ರಿಯಾಯಿತಿಯೂ ಇರುತ್ತದೆ! ಸಾವಿರಕ್ಕೊಬ್ಬನಲ್ಲಿರುವ ರೋಗವೊಂದನ್ನು ಭಾವಿಸೋಣ. ಅದರ ಪರೀಕ್ಷೆ ನಿಜವಾದ ರೋಗಿಯನ್ನು ಎಂದೂ ತಪ್ಪಿಸದು. ಆದರೆ ಆರೋಗ್ಯವಂತರಲ್ಲಿ ನೂರಕ್ಕೆ ಐವರನ್ನು ರೋಗಿಗಳೆಂದು ತೋರಿಸುತ್ತದೆ. 1,000 ಮಂದಿಯನ್ನು ಪರೀಕ್ಷಿಸಿದರೆ ಸುಮಾರು 51 ಮಂದಿಗೆ ‘ರೋಗವಿದೆ’ ಎಂಬ ಕಾಗದ ಬರುತ್ತದೆ. ಅವರಲ್ಲಿ ನಿಜವಾದ ರೋಗಿ ಒಬ್ಬನೇ. ಲಕ್ಷಣ ನೋಡಿ ವೈದ್ಯರು ಬರೆದುಕೊಟ್ಟ ಪರೀಕ್ಷೆಗಿರುವ ಬೆಲೆ, ಅಂಜಿಕೆಯಿಂದ ಮಾಡಿಸಿದ ಅದೇ ಪರೀಕ್ಷೆಗಿಲ್ಲ.

ಒಬ್ಬ ವೈದ್ಯರನ್ನು ಕಂಡು ಎಲ್ಲವನ್ನೂ ಹೇಳಿ, ಅವರ ಮಾತಿನ ಮೇಲೆ ನಿಲ್ಲುವುದು ಲೇಸು. ಆ ಮೇಲೂ ನಿದ್ರೆ ಬಾರದಿದ್ದರೆ ‘ಟೆಲಿ ಮಾನಸ್’ನ 14416ಕ್ಕೆ ಕರೆಮಾಡಬಹುದು. 2022ರಲ್ಲಿ ಆರಂಭವಾದ ಈ ಸರಕಾರಿ ಸೇವೆಗೆ ಶುಲ್ಕವಿಲ್ಲ, ನಾಚಬೇಕಾದುದೂ ಇಲ್ಲ. ನಮ್ಮ ಕಾಲೇಜುಗಳಲ್ಲಿ ರಸಾಯನಶಾಸ್ತ್ರದ ಪ್ರಯೋಗಶಾಲೆಗಳಿವೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೊಮ್ಮೆ ತನ್ನೂರಿನ ಕೊಳವೆಬಾವಿಯ ಒಂದು ಸೀಸೆ ನೀರನ್ನು ತಂದು ಅಲ್ಲಿ ಫ್ಲೋರೈಡಿನ ಪರೀಕ್ಷೆ ಮಾಡಿ, ಫಲಿತಾಂಶವನ್ನು ಪಂಚಾಯಿತಿಗೆ ಒಪ್ಪಿಸುವಂತಾಗಬೇಕು.