ವೀಕೋಸಿನ ರೈತರು ಕಲಿಸುವ ಪಾಠ

ಒಳ್ಳೆಯ ಬೀಜ, ಗೊಬ್ಬರ ಒದಗಿಸಿದರೆ ಹಳ್ಳಿಯ ಬಡತನ ತಾನಾಗಿಯೇ ತೊಲಗುತ್ತದೆ ಎನ್ನುವ ಪಂಡಿತರಿಗೆ ಎಂದೂ ಬರಗಾಲವಿಲ್ಲ. ನೆಲದ ಒಡೆಯರು ಯಾರು ಎಂದು ಕೇಳಿದೊಡನೆ ಅವರು ಮಾತು ಬದಲಿಸುತ್ತಾರೆ. ಅಂಥವರ ಮುಂದೆ ನಾವು ಪೆರು ದೇಶದ ವೀಕೋಸ್ ಎಂಬ ಹಳ್ಳಿಯ ಸಂಗತಿಯನ್ನು ಇಡಬಯಸುತ್ತೇವೆ.

ವೀಕೋಸ್ ಇರುವುದು ಆಂಡೀಸ್ ಪರ್ವತದಲ್ಲಿ, 9,000 ಅಡಿಗೂ ಮೇಲೆ. ಆ ಜಮೀನು ವಾರಾಸ್ ಪಟ್ಟಣದ ಒಂದು ದಾನಧರ್ಮದ ಸಂಸ್ಥೆಗೆ ಸೇರಿತ್ತು. ಸಂಸ್ಥೆ ಅದನ್ನು ಹರಾಜು ಹಾಕಿ ಗುತ್ತಿಗೆಗೆ ಕೊಡುತ್ತಿತ್ತು. ನೆಲದೊಡನೆ ಅಲ್ಲಿನ ಕೆಚುವಾ ಜನರೂ ಗುತ್ತಿಗೆದಾರನ ಕೈಸೇರುತ್ತಿದ್ದರು. ತುಂಡು ನೆಲದ ಸಾಗುವಳಿಗೆ ಪ್ರತಿಯಾಗಿ ಪ್ರತಿ ಕುಟುಂಬವೂ ವಾರಕ್ಕೆ 3 ದಿನ ಬಿಟ್ಟಿ ದುಡಿಯಬೇಕಾಗಿತ್ತು. ಅದೂ ಸಾಲದೆಂದು ಧಣಿಯ ಮನೆಯ ಅಡುಗೆ, ಕಾವಲು, ಕುದುರೆಯ ಚಾಕರಿ. ಇದು ದಾನಧರ್ಮದ ಹೆಸರಿನಲ್ಲಿ ನಡೆದ ಜೀತ!

1952ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯವು ಪೆರುವಿನ ವಿದ್ವಾಂಸರೊಡಗೂಡಿ ಈ ಜಮೀನನ್ನು ಗುತ್ತಿಗೆ ಹಿಡಿಯಿತು. ಪ್ರೊಫೆಸರ್ ಆಲನ್ ಹೋಂಬರ್ಗ್ ಇದರ ಮುಂದಾಳು. ಬಿಟ್ಟಿ ಚಾಕರಿ ನಿಂತಿತು. ಜಮೀನಿನ ಆದಾಯ ಊರಿನ ಶಾಲೆಗೂ ಬೇಸಾಯಕ್ಕೂ ಹೋಯಿತು. ರೋಗಕ್ಕೆ ತುತ್ತಾಗಿದ್ದ ಆಲೂಗಡ್ಡೆ ಬೆಳೆಗೆ ಹೊಸ ಬೀಜ, ಗೊಬ್ಬರ ಸಾಲವಾಗಿ ದೊರೆತವು. ಆಲೂಗಡ್ಡೆ ರಾಜಧಾನಿ ಲೀಮಾದ ಪೇಟೆಯನ್ನು ಮುಟ್ಟಿತು. 1957ರ ಹೊತ್ತಿಗೆ ಊರವರೇ ಆರಿಸಿದ ಪ್ರತಿನಿಧಿಗಳು ಆಡಳಿತ ವಹಿಸಿಕೊಂಡರು.

ಬೀಜ ಹೊಸದೆಂಬುದಷ್ಟೇ ಇದಕ್ಕೆ ಕಾರಣವಲ್ಲ. ಫಲ ದುಡಿದವನ ಮನೆಗೆ ಬಂತು. ಯಂತ್ರ ಹೊಸದಾಗಿ ಕೂಲಿ ಹಳೆಯದಾಗಿಯೇ ಉಳಿದರೆ ಲಾಭ ಯಾರಿಗೆಂದು ಮಿಲ್ಲಿನ ಕಾರ್ಮಿಕರಿಗೆ ನಾವು ಹೇಳಬೇಕಿಲ್ಲ. ದುಡಿಯುವವನ ಕೈಯಲ್ಲಿ ಕಾಸಾಡದೆ ಅಂಗಡಿ ನಡೆಯದೆಂಬುದು ಸಣ್ಣ ವ್ಯಾಪಾರಿಗೂ ಗೊತ್ತು.

ಆದರೂ ನೆಲ ಪುಕ್ಕಟೆ ಬರಲಿಲ್ಲ. ತಲೆತಲಾಂತರದಿಂದ ತಾವೇ ಉತ್ತ ನೆಲವನ್ನು ವೀಕೋಸಿನವರು 1962ರಲ್ಲಿ ಹಣ ತೆತ್ತು ಕೊಳ್ಳಬೇಕಾಯಿತು. ನೆರೆಯ ವಾಪ್ರಾ ಜಮೀನಿನವರಿಗೆ ಅಷ್ಟೂ ದಕ್ಕಲಿಲ್ಲ. ಅವರ ನೆರವಿಗೆ ಯಾವ ವಿಶ್ವವಿದ್ಯಾಲಯವೂ ಬಂದಿರಲಿಲ್ಲ. ವೀಕೋಸನ್ನು ಕಂಡು ತಲೆಯೆತ್ತಿದ ಅವರ ಮೇಲೆ 1960ರಲ್ಲಿ ಪೊಲೀಸರ ಗುಂಡು ಹಾರಿತು. ಮೂವರು ರೈತರು ಸತ್ತರು. ದೇಶದ ದೊಡ್ಡ ಜಮೀನುಗಳನ್ನು ಒಡೆಯುವ ಭೂಸುಧಾರಣೆಯ ಕಾನೂನು ಬಂದದ್ದು 1969ರಲ್ಲಿ.

ಕಲಿತವರ ನೆರವನ್ನು ನಾವು ಬೇಡವೆನ್ನುವುದಿಲ್ಲ. ಆದರೆ ಒಂದು ಹಳ್ಳಿಗೆ ಒಳ್ಳೆಯ ಧಣಿ ಸಿಕ್ಕರೆ ಅದು ಅದೃಷ್ಟ. ಯಾವ ಹಳ್ಳಿಗೂ ಧಣಿಯೇ ಬೇಡವಾದರೆ ಅದು ನ್ಯಾಯ. ಅದೃಷ್ಟವನ್ನು ಕಾಯುತ್ತ ಕುಳಿತವರಿಗೆ ವಾಪ್ರಾದ ಗತಿಯೇ ಕಾದಿರುತ್ತದೆ. ನ್ಯಾಯವನ್ನು ಕಾನೂನಾಗಿ ಬರೆಸುವ ಕೆಲಸ ಸಂಘಟಿತ ಜನರದು.