ಕಡಿದ ಹೊಂಗೆ

ನಮ್ಮ ವೈಟ್‌ಫೀಲ್ಡು 1882ರಲ್ಲಿ ಮೈಸೂರು ಮಹಾರಾಜರು ಆಂಗ್ಲೋ ಇಂಡಿಯನ್ನರಿಗೆ ಕೊಟ್ಟ ಜಮೀನಿನಲ್ಲಿ ಎದ್ದ ಊರು. ಆಗ ಹೊಲ, ತೋಟ; ಈಗ ಎಲ್ಲಿ ನೋಡಿದರೂ ಕಂಪನಿ ಕಟ್ಟಡ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ನಮ್ಮ ಮನೆಯವರ ಕಾರ್ಖಾನೆ ಕೆಲಸ ಹೋಯಿತು. ಚರ್ಚಿನ ಬಾಗಿಲೂ ಮುಚ್ಚಿತ್ತು. ಅಕ್ಕಿ ಡಬ್ಬ ತಳ ಕಂಡ ದಿನ ಹಿತ್ತಲಲ್ಲಿ ನಿಂತು ಅತ್ತೆ. ಹಿಂದಿನ ವರ್ಷ ಬುಡಕ್ಕೇ ಕಡಿಸಿದ್ದ ಹೊಂಗೆಯ ಬೊಡ್ಡೆ ತುಂಬಾ ಚಿಗುರು! ನಾನೇನೂ ನೀರು ಹಾಕಿರಲಿಲ್ಲ, ಪಾತ್ರೆ ತೊಳೆದ ನೀರು ಅತ್ತ ಹರೀತಿತ್ತು, ಅಷ್ಟೆ.

ಯೋಬನ ಗ್ರಂಥದ 14ನೇ ಅಧ್ಯಾಯ ನೆನಪಾಯಿತು. ಕಡಿದ ಮರವೂ ನೀರಿನ ಸುಳಿವು ಸಿಕ್ಕರೆ ಚಿಗುರೀತು ಅನ್ನುತ್ತಾನೆ ಯೋಬ. ಪ್ರಸಂಗ ಮಾಡುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ಓದಿ, ಮನುಷ್ಯನಿಗೆ ಆ ಭಾಗ್ಯವೂ ಇಲ್ಲವಲ್ಲ ಎಂದು ದೇವರ ಹತ್ತಿರವೇ ಗೋಳಾಡುತ್ತಾನೆ. ನನಗೆ ಧೈರ್ಯ ತಂದದ್ದು ಆ ಗೋಳೇ ನೋಡಿ. ದೇವರ ಮುಂದೆ ಹಾಗೂ ಮಾತಾಡಬಹುದಲ್ಲಾ! ಆ ಸಂಜೆ ಜಗಳವಾಡಿದ ಹಾಗೇ ಪ್ರಾರ್ಥನೆ ಮಾಡಿದೆ.

ಮನೆಯವರಿಗೆ ಕೆಲಸ ಸಿಕ್ಕಿದ್ದು ಹತ್ತು ತಿಂಗಳ ಮೇಲೆ, ಅದೂ ಕಡಿಮೆ ಸಂಬಳಕ್ಕೆ. ಹೊಂಗೆ ಈಗ ಸೂರು ದಾಟಿದೆ. ಬೇಸಗೆ ಬಂತೆಂದರೆ ಉದುರಿದ ಹೂ ಗುಡಿಸೋದೇ ನನಗೊಂದು ಕೆಲಸ.