ಕಿಲೋಮೀಟರ್ ಕಲ್ಲು ಎಣಿಸಿ ಓಡುವ ಹುಡುಗರಿಗೆ ಊರಲ್ಲೇ ಜಾಗ ಬೇಕು

ಬೆಳಗಿನ ಜಾವ ಐದೂವರೆಗೆ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಬೈಕಿನಲ್ಲಿ ಹೋದವರಿಗೆ ಇದು ಹೊಸದಲ್ಲ. ಹೆಡ್‌ಲೈಟಿಗೆ ಮೊದಲು ಕಾಣುವುದು ಒಂದು ಬಿಳಿ ಬನಿಯನ್ನು. ಆಮೇಲೆ ಗೊತ್ತಾಗುತ್ತದೆ, ಡಾಂಬರಿನ ಅಂಚಿನಲ್ಲಿ ನಾಲ್ಕೈದು ಹುಡುಗರು ಸಾಲಾಗಿ ಓಡುತ್ತಿದ್ದಾರೆ. ಒಬ್ಬನ ಕೈಯಲ್ಲಿ ಮೊಬೈಲು, ಅದರಲ್ಲಿ ಸ್ಟಾಪ್‌ವಾಚ್. ಎದುರಿಗೆ ಘಟ್ಟ ಹತ್ತಿ ಬಂದ ಮೀನಿನ ಗಾಡಿ, ಬೆನ್ನ ಹಿಂದೆ ಬೆಂಗಳೂರಿನಿಂದ ಬಂದ ರಾತ್ರಿ ಬಸ್ಸು. ಎರಡೂ ಒಟ್ಟಿಗೆ ಬಂದರೆ ಹುಡುಗರು ಚರಂಡಿಗೆ ಇಳಿಯಬೇಕು. ಇಳಿಯುತ್ತಾರೆ, ಮತ್ತೆ ಹತ್ತಿ ಓಡುತ್ತಾರೆ. ಸ್ಟಾಪ್‌ವಾಚ್ ನಿಲ್ಲಿಸುವುದಿಲ್ಲ.

ಇವರು ಹೊಟ್ಟೆ ಕರಗಿಸಲು ಓಡುವವರಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೆ ಗಂಡು ಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅಗ್ನಿವೀರ್ ರ‍್ಯಾಲಿಯಲ್ಲಿ ಅದೇ ದೂರವನ್ನು ಐದೂವರೆ ನಿಮಿಷದೊಳಗೆ ಓಡಿದವರಿಗೆ ಪೂರ್ತಿ ಅಂಕ. ಅಧಿಸೂಚನೆ ಯಾವಾಗ ಬರುತ್ತದೋ ಹೇಳಲಾಗದು, ಓಟ ಮಾತ್ರ ನಿಲ್ಲಿಸುವಂತಿಲ್ಲ. ಹದಿನೈದು ದಿನ ಬಿಟ್ಟರೆ ದಮ್ಮು ಹೋಯಿತು.

ಹೆದ್ದಾರಿಯಲ್ಲೇ ಯಾಕೆ ಸಾಯೋಕೆ ಹೋಗ್ತೀರಿ ಎಂದು ಮನೆಯಲ್ಲಿ ಬೈಯುತ್ತಾರೆ. ಕಾರಣ ಇದೆ. ಹೆದ್ದಾರಿ ಪಕ್ಕದಲ್ಲಿ ಕಿಲೋಮೀಟರ್ ಕಲ್ಲುಗಳ ನಡುವೆ 2, 4, 6, 8 ಎಂದು ಬರೆದ ಪುಟ್ಟ ಕಲ್ಲುಗಳನ್ನು ನೀವು ನೋಡಿರಬಹುದು. ಅವು 200 ಮೀಟರಿಗೆ ಒಂದರಂತೆ ಇರುತ್ತವೆ. ಒಂದು ಕಲ್ಲಿನಿಂದ ಹೊರಟು ಎಂಟನೆಯದು ಮುಟ್ಟಿದರೆ 1600 ಮೀಟರ್. ಹಳ್ಳಿ ಹುಡುಗನಿಗೆ ಪುಕ್ಕಟೆಯಾಗಿ ಅಳತೆ ಮಾಡಿಟ್ಟ ಜಾಗ ಅದೊಂದೇ. ಊರೊಳಗಿನ ರಸ್ತೆಯಲ್ಲಿ ಎಷ್ಟು ಓಡಿದೆ ಎಂದು ಯಾರಿಗೆ ಗೊತ್ತು? ಮೊಬೈಲಿನ ಆ್ಯಪು ಅಡಿಕೆ ತೋಟದ ನಡುವೆ ಸಿಗ್ನಲ್ ಸಿಗದೆ ಒಮ್ಮೊಮ್ಮೆ ಮನಸ್ಸಿಗೆ ಬಂದಂತೆ ತೋರಿಸುತ್ತದೆ. ನಮ್ಮ ಬಳಗದಲ್ಲೂ ಪೊಲೀಸ್ ಓಟಕ್ಕೆ ಹೋಗಿ ಸೋತು ಬಂದವರಿದ್ದೇವೆ. ಅಂದಾಜಿನಲ್ಲಿ ಅಭ್ಯಾಸ ಮಾಡಿ ಹೋದವರ ಗತಿ ಮೂರನೇ ಸುತ್ತಿಗೆ ಗೊತ್ತಾಗುತ್ತದೆ. ಆರೂವರೆ ನಿಮಿಷ ಎಂದರೆ 400 ಮೀಟರಿನ ಒಂದು ಸುತ್ತಿಗೆ 97 ಸೆಕೆಂಡು ಚಿಲ್ಲರೆ. ಮೊದಲ ಸುತ್ತನ್ನು ಹುಮ್ಮಸ್ಸಿನಲ್ಲಿ 80ಕ್ಕೆ ಓಡಿದವನು ಕೊನೆಗೆ ನಡೆಯುತ್ತಾನೆ.

ಓಡುವವರಿಗೆ ಶಿವಮೊಗ್ಗ ಕೆಟ್ಟ ಊರೇನಲ್ಲ. ನೆಹರೂ ಕ್ರೀಡಾಂಗಣ ಇದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ತುಂಗೆಯ ದಡದಲ್ಲಿ ನಡೆಯುವ ದಾರಿಯೂ ಆಯಿತು. ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತೋ ಇಲ್ಲವೋ ಎಂದು ನೋಡಲು ಊರೆಲ್ಲಾ ಹೊಳೆ ಕಡೆ ಬರುತ್ತದಲ್ಲ, ಆ ಹೊಳೆಯ ಗಾಳಿಗೆ ಮೈಯೊಡ್ಡಿ ಬೆಳಿಗ್ಗೆ ಓಡುವುದು ಸುಖವೇ. ಪೇಟೆಯವರಿಗೆ ಅದು ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಹದಿನೈದು ಕಿಲೋಮೀಟರ್ ದೂರದ ಕೂಡಲಿಯ ಹುಡುಗ, ಗಾಜನೂರಿನ ಹುಡುಗ ಬೆಳಿಗ್ಗೆ ಐದಕ್ಕೆ ಅಲ್ಲಿಗೆ ಬರುವುದು ಹೇಗೆ? ಆ ಹೊತ್ತಿಗೆ ಬಸ್ಸಿಲ್ಲ. ಬೈಕಿಗೆ ಪೆಟ್ರೋಲು ಹಾಕಿ ದಿನಾ ಬರುವಷ್ಟು ದುಡ್ಡಿದ್ದರೆ ಅವನು ಈ ಕೆಲಸಕ್ಕೆ ಇಷ್ಟು ಒದ್ದಾಡುತ್ತಿರಲಿಲ್ಲ.

ಹಾಗಾಗಿ ಪೇಟೆಯ ಸುತ್ತಲಿನ ಹಳ್ಳಿಯವರು ತಮ್ಮ ತಮ್ಮ ದಾರಿ ತಾವೇ ಹುಡುಕಿಕೊಂಡಿದ್ದಾರೆ. ಇದ್ದುದರಲ್ಲಿ ಒಳ್ಳೆಯದು ಮತ್ತೂರು, ಹೊಸಹಳ್ಳಿ ಕಡೆಯ ರಸ್ತೆ. ದೊಡ್ಡ ಗಾಡಿ ಕಡಿಮೆ, ಎರಡೂ ಬದಿ ತೋಟದ ತಂಪು. ಕೂಡಲಿ ಕಡೆ ಬಯಲು, ನೆಲ ಸಮ, ಆದರೆ ಒಕ್ಕಣೆ ಕಾಲದಲ್ಲಿ ರಸ್ತೆ ಮೇಲೆ ಭತ್ತ ಹರಡಿರುತ್ತದೆ. ಅದರ ಮೇಲೆ ಕಾಲಿಟ್ಟರೆ ಜಾರುವುದೂ ಖಂಡಿತ, ಬೈಸಿಕೊಳ್ಳುವುದೂ ಖಂಡಿತ. ಸಕ್ರೆಬೈಲು ದಾಟಿದ ಮೇಲೆ ಕಾಡು. ಬೆಳಕು ಹರಿಯುವ ಮೊದಲು ಅಲ್ಲಿ ಓಡಬೇಡಿ, ಅಷ್ಟೆ.

ಚಾನಲ್ ಏರಿ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಗಾಜನೂರಿನಿಂದ ಹೊರಡುವ ತುಂಗಾ ನಾಲೆಗಳ ಏರಿ ಬಹಳ ಹುಡುಗರಿಗೆ ಇಷ್ಟ. ಲಾರಿ ಇಲ್ಲ, ಮಣ್ಣಿನ ನೆಲ, ಮೊಣಕಾಲಿಗೆ ಡಾಂಬರಿನಷ್ಟು ಪೆಟ್ಟಿಲ್ಲ. ಬೇಸಿಗೆಯಲ್ಲಿ ನೀರು ನಿಂತಾಗ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮಳೆ ಹಿಡಿದ ಮೇಲೆ ಲೆಕ್ಕವೇ ಬೇರೆ. ಕೆಂಪು ಮಣ್ಣು ಸೋಪಿನಂತೆ ಆಗುತ್ತದೆ, ಪಕ್ಕದಲ್ಲಿ ನಾಲೆ ತುಂಬಿ ಹರಿಯುತ್ತಿರುತ್ತದೆ. ಕಾಂಕ್ರೀಟು ಹಾಕಿದ ಇಳಿಜಾರು ಪಾಚಿ ಕಟ್ಟಿದರೆ ಈಜು ಬಂದವನಿಗೂ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ. ನೀರು ಬಿಟ್ಟ ಮೇಲೆ ಕತ್ತಲಲ್ಲಿ ಒಬ್ಬರೇ ಏರಿ ಮೇಲೆ ಓಡುವುದನ್ನು ದಯವಿಟ್ಟು ಬಿಡಿ.

ಹೆಣ್ಣು ಮಕ್ಕಳ ಪಾಡು ಇನ್ನೂ ಬಿಗಿ. ಪೊಲೀಸ್ ಆಯ್ಕೆಗೆ ಅವರು ಓಡಬೇಕಾದದ್ದು 400 ಮೀಟರ್, ಎರಡು ನಿಮಿಷದೊಳಗೆ. ಕಷ್ಟದ ಗುರಿಯಲ್ಲ, ಅಭ್ಯಾಸ ಇದ್ದರೆ. ಕತ್ತಲಲ್ಲಿ ಓಡಿದರೆ ಭಯ, ಬೆಳಕಾದ ಮೇಲೆ ಓಡಿದರೆ ಟೀ ಅಂಗಡಿ ಕಟ್ಟೆಯ ಮಾತು. ಅಣ್ಣನೋ ಅಪ್ಪನೋ ಬೈಕಿನ ಲೈಟು ಹಾಕಿಕೊಂಡು ಹಿಂದೆ ಬರುವ ಮನೆಯ ಹುಡುಗಿ ಓಡುತ್ತಾಳೆ. ಉಳಿದವರು ಮನೆ ಅಂಗಳದಲ್ಲೇ ಜಿಗಿದು ಪರೀಕ್ಷೆಗೆ ಹೋಗುತ್ತಾರೆ.

ನಾವು ಸುದ್ದಿ ಬರೆಯುವವರು, ನಮ್ಮ ತಪ್ಪನ್ನೂ ಹೇಳಬೇಕು. 'ಅಪರಿಚಿತ ವಾಹನ ಡಿಕ್ಕಿ, ಪಾದಚಾರಿಗೆ ಗಾಯ' ಎಂದು ನಾಲ್ಕು ಸಾಲು ಕಳಿಸಿ ಕೈತೊಳೆದುಕೊಂಡಿದ್ದೇವೆ. ಬೆಳಗಿನ ಐದೂವರೆಗೆ ಆ ಪಾದಚಾರಿ ರಸ್ತೆಯಲ್ಲಿ ಏನು ಮಾಡುತ್ತಿದ್ದ ಎಂದು ಕೇಳಲಿಲ್ಲ. ಡೆಸ್ಕಿನವರೂ ಕೇಳಲಿಲ್ಲ. ಕೇಳಿದ್ದರೆ ಅಭ್ಯಾಸಕ್ಕೆ ಓಡುತ್ತಿದ್ದವರ ಲೆಕ್ಕವಾದರೂ ಸಿಗುತ್ತಿತ್ತು.

ನಮ್ಮ ವಾದ ಇಷ್ಟೆ. ಹಳ್ಳಿಗೆ ಹೊಳೆ ದಡದ ಟೈಲ್ಸ್ ದಾರಿ ಬೇಡ, ಸಿಂಥೆಟಿಕ್ ಟ್ರ್ಯಾಕೂ ಬೇಡ. ಅಳತೆ ಮಾಡಿದ ಒಂದು ಮಣ್ಣಿನ ಸುತ್ತು ಬೇಕು. 400 ಮೀಟರಿನ ಟ್ರ್ಯಾಕಿಗೆ ನಾಲ್ಕು ಎಕರೆ ಹತ್ತಿರ ಜಾಗ ಬೇಕೆಂದು ಕೇಳಿ ಪಂಚಾಯಿತಿಯವರು ಹೆದರುತ್ತಾರೆ. 200 ಮೀಟರಿನ ಸುತ್ತು ಮಾಡಿ. 43.5 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ಒಂದೊಂದು ಗೂಟಕ್ಕೂ 18 ಮೀಟರ್ ಹಗ್ಗ ಕಟ್ಟಿ ಹೊರಬದಿಗೆ ಅರ್ಧ ವೃತ್ತ ಎಳೆಯಿರಿ. ಎರಡು ಅರ್ಧ ವೃತ್ತಗಳ ತುದಿಗಳನ್ನು ನೇರ ಗೆರೆಯಿಂದ ಸೇರಿಸಿ ಸುಣ್ಣದ ಪುಡಿ ಹಾಕಿ. ಆ ಗೆರೆಯ ಮೇಲೆ ಒಂದು ಸುತ್ತು ಓಡಿದರೆ 200 ಮೀಟರ್. ಹುಡುಗರಿಗೆ ಎಂಟು ಸುತ್ತು, ಹುಡುಗಿಯರಿಗೆ ಎರಡು. ಸುತ್ತ ಒಂದಿಷ್ಟು ಜಾಗ ಬಿಟ್ಟರೂ ಒಂದು ಎಕರೆಯೊಳಗೆ ಮುಗಿಯುತ್ತದೆ. ಊರಿನ ಹೈಸ್ಕೂಲ್ ಮೈದಾನದಲ್ಲಿ ಅಷ್ಟು ಜಾಗ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಉದ್ಯೋಗ ಖಾತ್ರಿಯಲ್ಲಿ ಶಾಲೆಯ ಆಟದ ಮೈದಾನ ಮಾಡಿಸಿದ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. ಹಾಗಾಗಿ ಇದು ಆಗದ ಕೆಲಸ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಿಜವಾದ ತೊಡಕು ಗೇಟಿನ ಬೀಗ. ಹೆಡ್‌ಮಾಸ್ತರನ್ನು ಕೇಳಿದರೆ, ಗೇಟು ತೆರೆದಿಟ್ಟರೆ ರಾತ್ರಿ ಕುಡಿಯುವವರು ಬರುತ್ತಾರೆ, ಬೆಳಿಗ್ಗೆ ಮಕ್ಕಳ ಕಾಲಿಗೆ ಬಾಟಲಿ ಚೂರು ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಹಾಗಾದರೆ ಬೀಗದ ಕೈ ಓಡುವವರ ಹತ್ತಿರವೇ ಇರಲಿ. ಇಬ್ಬರ ಹೆಸರು ಬರೆದು ಎಸ್‌ಡಿಎಂಸಿಯಿಂದ ಸಹಿ ಮಾಡಿಸಿ ಕೊಡಿ, ಐದಕ್ಕೆ ತೆರೆದು ಏಳಕ್ಕೆ ಮುಚ್ಚುವುದು, ಚೂರು ಕಂಡರೆ ಗುಡಿಸುವುದು ಅವರ ಜವಾಬ್ದಾರಿ. ಒಂದು ಬೀದಿದೀಪ ಮೈದಾನದ ಕಡೆ ತಿರುಗಿಸಿದರೆ ಹುಡುಗಿಯರೂ ಬರುತ್ತಾರೆ, ಜೊತೆಗೆ ಅಮ್ಮಂದಿರು ನಡೆಯಲು ಬಂದರೆ ಇನ್ನೂ ಒಳ್ಳೆಯದು.

ಅಲ್ಲಿಯವರೆಗೆ ರಸ್ತೆಯಲ್ಲೇ ಓಡುವವರು ಬಲಬದಿಯಲ್ಲಿ, ಎದುರಿನ ಗಾಡಿ ಕಾಣುವಂತೆ ಓಡಿ. ಬಿಳಿ ಅಂಗಿ ಹಾಕಿಕೊಳ್ಳಿ, ಕೊನೆಯವನ ಕೈಯಲ್ಲಿ ಟಾರ್ಚ್ ಉರಿಯುತ್ತಿರಲಿ, ಇಯರ್‌ಫೋನ್ ಮನೆಯಲ್ಲಿಡಿ. ಮುಂದಿನ ಗ್ರಾಮಸಭೆಗೆ ಐದಾರು ಜನ ಒಟ್ಟಿಗೆ ಹೋಗಿ ಮೈದಾನದ ವಿಷಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದುಕೊಳ್ಳಲು ಒಪ್ಪದಿದ್ದರೆ ನಮಗೆ ತಿಳಿಸಿ. ಈ ಸಲ ನಾಲ್ಕು ಸಾಲಿಗಿಂತ ಹೆಚ್ಚು ಬರೆಯುತ್ತೇವೆ.